ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್: ಏನೂ ತಿಳಿಯದವರು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ:
ನನ್ನ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ್‍ಯಾಮ್ ಇದ್ದು, ವಿಂಡೋಸ್ 10 ನಡೆಯುತ್ತಿದೆ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ವಿಂಡೋಸ್ 11ಕ್ಕೆ ಈ ಯಂತ್ರ ಒಗ್ಗುವುದಿಲ್ಲ. ನಾನು ಪ್ರೌಢಶಾಲಾ ಶಿಕ್ಷಕಿ. ಕನ್ನಡದಲ್ಲಿ ಪ್ರಶ್ನೆಪತ್ರಿಕೆ, ಟಿಪ್ಪಣಿಗಳನ್ನು ಸಿದ್ಧಪಡಿಸಿ ಮುದ್ರಿಸುವುದೇ ನನ್ನ ಮುಖ್ಯ ಕೆಲಸ. ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳೂ ಬಹಳಷ್ಟಿವೆ. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಎಂದು ಕೇಳಿದ್ದೇನೆ, ಅದರ ಬಗ್ಗೆ ಬೇರೇನೂ ತಿಳಿಯದು. ಎಲ್ಲಿಂದ ಆರಂಭಿಸಲಿ?

ಉತ್ತರ 1:
ಮೇಡಂ, ಲಿನಕ್ಸ್‌ನ ಹಲವು ರೂಪಗಳಲ್ಲಿ ಒಂದಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಆರಿಸಿಕೊಳ್ಳಿ. ಅದು ಹಗುರವಾದದ್ದು, ಮೆನು ಮತ್ತು ಟಾಸ್ಕ್‌ಬಾರ್ ನಿಮಗೆ ಪರಿಚಿತವಾಗಿಯೇ ಕಾಣುತ್ತವೆ. ಆದರೆ ಈಗಲೇ ಇನ್‌ಸ್ಟಾಲ್ ಮಾಡಬೇಡಿ. ಮಿಂಟ್‌ನ ಐಎಸ್‌ಒ ಕಡತವನ್ನು (ಇಡೀ ಮಿಂಟ್ ಅಡಕವಾಗಿರುವ ಒಂದೇ ಕಡತ) ಇಳಿಸಿಕೊಂಡು, ರೂಫಸ್ ಎಂಬ ತಂತ್ರಾಂಶದ ಮೂಲಕ 8 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ ಬರೆಯಿರಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಆಮೇಲೆ ಲ್ಯಾಪ್‌ಟಾಪ್ ಚಾಲೂ ಮಾಡುವಾಗ ಎಫ್12 ಅಥವಾ ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಬೂಟ್ ಕೀಲಿಯನ್ನು (ಯಾವುದರಿಂದ ಚಾಲೂ ಆಗಬೇಕೆಂದು ಆರಿಸುವ ಕೀಲಿ) ಒತ್ತಿ ಪೆನ್‌ಡ್ರೈವ್ ಆರಿಸಿದರೆ, ಹಾರ್ಡ್‌ಡಿಸ್ಕ್ ಮುಟ್ಟದೆಯೇ ಮಿಂಟ್ ತೆರೆದುಕೊಳ್ಳುತ್ತದೆ. ವೈಫೈ, ಧ್ವನಿ, ಪ್ರಿಂಟರ್ ಎಲ್ಲವನ್ನೂ ಅಲ್ಲೇ ಪರೀಕ್ಷಿಸಿ. ಪೆನ್‌ಡ್ರೈವ್‌ನಿಂದ ನಡೆಯುವಾಗ ಎಲ್ಲವೂ ನಿಧಾನ. ಅದನ್ನು ನೋಡಿ ಲಿನಕ್ಸ್‌ನ ವೇಗವನ್ನು ಅಳೆಯಬೇಡಿ.

ಉತ್ತರ 2:
ಮೇಲಿನ ಸಲಹೆ ಸರಿಯಾಗಿದೆ, ಆದರೆ ನಿಮ್ಮ ನಿಜವಾದ ತೊಡಕು ಕನ್ನಡದ ಕಡತಗಳದ್ದು. ನುಡಿ ತಂತ್ರಾಂಶ ವಿಂಡೋಸ್‌ಗಾಗಿಯೇ ರಚಿತವಾದದ್ದು. ಹಳೆಯ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹ ಯೂನಿಕೋಡ್ (ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ ವ್ಯವಸ್ಥೆ) ಅಲ್ಲದ ಕಾರಣ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ವಿಂಡೋಸ್ ಕೈಯಲ್ಲಿರುವಾಗಲೇ ಅವುಗಳನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಓದಿ ತಿದ್ದಿ, ಬೇರೆ ಡಿಸ್ಕ್‌ನಲ್ಲಿ ಪ್ರತಿ ಇಟ್ಟುಕೊಳ್ಳಿ. ಟೈಪಿಂಗ್ ಬಗ್ಗೆ ಚಿಂತೆ ಬೇಡ: ಲಿನಕ್ಸ್‌ನಲ್ಲಿ ಭಾರತೀಯ ಭಾಷೆಗಳನ್ನು ಟೈಪ್ ಮಾಡಲು ಬಳಸುವ ಐಬಸ್ ಎಂ17ಎನ್ ಅಳವಡಿಸಿಕೊಂಡರೆ ಕನ್ನಡ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ, ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಅದು ಬೇಗ ಒಗ್ಗುತ್ತದೆ. ಬರೆಯಲು ಎಂಎಸ್ ಆಫೀಸ್‌ನಂಥ ಲಿಬ್ರೆಆಫೀಸ್ ಮಿಂಟ್‌ನೊಂದಿಗೇ ಬರುತ್ತದೆ.

ಉತ್ತರ 3:
ಮೊದಲಿಗೆ ವಿಂಡೋಸ್ ಪಕ್ಕದಲ್ಲೇ ಮಿಂಟ್ ಹಾಕಿಕೊಳ್ಳಬಹುದೆಂದು ಹಲವರು ಹೇಳುತ್ತಾರೆ. ನಿಮ್ಮ ಡಿಸ್ಕ್‌ನಲ್ಲಿ ಸಾಕಷ್ಟು ಜಾಗವಿದ್ದರೆ ನಾನೂ ಅದನ್ನೇ ಹೇಳುತ್ತೇನೆ, ಏಕೆಂದರೆ ಪರೀಕ್ಷೆಯ ಸಮಯದಲ್ಲಿ ಯಾವುದಾದರೂ ಕಡತ ತೆರೆಯದಿದ್ದರೆ ಹಿಂದಿರುಗಲು ದಾರಿ ಇರುತ್ತದೆ. ಇನ್‌ಸ್ಟಾಲ್ ಮಾಡುವಾಗ ‘ಡಿಸ್ಕ್ ಅಳಿಸಿ’ ಎಂಬ ಆಯ್ಕೆಯನ್ನು ಒತ್ತಬೇಡಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ, ಅದರ ಬದಲು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿಸುವುದರಿಂದ ಆಗುವ ಲಾಭ ಯಾವ ಲಿನಕ್ಸ್ ಆವೃತ್ತಿಯಿಂದಲೂ ಆಗದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಕಡತಗಳ ಪರಿವರ್ತನೆಯನ್ನು ಈ ವಾರವೇ ಆರಂಭಿಸುತ್ತೇನೆ. ಶಾಲೆಯಲ್ಲಿರುವುದು ಎಚ್‌ಪಿ ಪ್ರಿಂಟರ್. ಅದಕ್ಕೆ ಬೇರೆ ಡ್ರೈವರ್ ಹುಡುಕಬೇಕೆ?

ಉತ್ತರ 1:
ಬಹುಪಾಲು ಎಚ್‌ಪಿ ಪ್ರಿಂಟರ್‌ಗಳಿಗೆ ಬೇಕಾದ ಎಚ್‌ಪಿಲಿಪ್ ಎಂಬ ಡ್ರೈವರ್ ತಂತ್ರಾಂಶ ಮಿಂಟ್‌ನಲ್ಲೇ ಇರುತ್ತದೆ. ಪೆನ್‌ಡ್ರೈವ್‌ನಿಂದ ಮಿಂಟ್ ತೆರೆದು, ಪ್ರಿಂಟರ್ ಜೋಡಿಸಿ, ಪರಿವರ್ತಿಸಿದ ಒಂದು ಪ್ರಶ್ನೆಪತ್ರಿಕೆಯನ್ನೇ ಮುದ್ರಿಸಿ ನೋಡಿ. ಮಾದರಿಯ ಸಂಖ್ಯೆಯನ್ನು ಇಲ್ಲಿ ತಿಳಿಸಿದರೆ ಇನ್ನಷ್ಟು ಖಚಿತವಾಗಿ ಹೇಳಬಹುದು.