ನಾಲ್ಕು ಜನ ಅಂತ ಬುಕ್ ಮಾಡಿ ಹನ್ನೊಂದು ಜನ ಬಂದಿದ್ದಾರೆ, ಏನು ಮಾಡಲಿ?

ಕುವೆಂಪುನಗರ_ಫ್ಲಾಟ್ | ಅಕ್ಟೋಬರ್ 1, ಮಧ್ಯಾಹ್ನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಎರಡು ಬೆಡ್‌ರೂಮ್ ಫ್ಲಾಟ್ ಇದೆ, ಅಮ್ಮ ಇದ್ದ ಮನೆ. ಅವರು ಹೋದ ಮೇಲೆ ಸುಮ್ನೆ ಬೀಗ ಹಾಕಿಡೋದು ಯಾಕೆ ಅಂತ ಒಂದು ವರ್ಷದಿಂದ ಏರ್‌ಬಿಎನ್‌ಬಿ ಆ್ಯಪ್‌ನಲ್ಲಿ ದಿನದ ಬಾಡಿಗೆಗೆ ಕೊಡುತ್ತಿದ್ದೇನೆ. ದಸರಾಗೆ ಮೂರು ರಾತ್ರಿ ಬುಕಿಂಗ್ ಬಂತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ನಿನ್ನೆ ಸಂಜೆ ನಾನೇ ಹೋಗಿ ಕೀ ಕೊಟ್ಟೆ. ಆಗ ಇದ್ದದ್ದು ನಾಲ್ಕೇ ಜನ.

ರಾತ್ರಿ ಹತ್ತೂ ಮುಕ್ಕಾಲಿಗೆ ವಾಚ್‌ಮನ್ ಫೋನು. "ಅಕ್ಕಾ, ಒಂದು ಟೆಂಪೋ ಟ್ರಾವೆಲರ್ ಬಂದೈತೆ, ನಿಮ್ಮನೇಗೇ ಅಂತವ್ರೆ, ಬಿಡ್ಲಾ?" ನೆಂಟರಿರಬೇಕು, ಮಾತಾಡಿಸಿಕೊಂಡು ಹೋಗುತ್ತಾರೆ ಅಂದುಕೊಂಡು ನಿದ್ದೆಗಣ್ಣಲ್ಲಿ ಬಿಡು ಅಂದೆ. ಬೆಳಗ್ಗೆ ಹೋಗಿ ನೋಡಿದರೆ ಬಾಗಿಲ ಮುಂದೆ ಚಪ್ಪಲಿ ರಾಶಿ. ಎಣಿಸಿದೆ. ಹತ್ತು ಜೊತೆ, ಮೇಲೆ ಒಂಟಿಯಾಗಿ ಮಗುವಿನ ಒಂದು ಕೆಂಪು ಬೂಟು. ಬೀರುವಿನಲ್ಲಿದ್ದ ಅಮ್ಮನ ಹಾಸಿಗೆಗಳನ್ನೆಲ್ಲ ಎಳೆದು ಹಾಲ್‌ನಲ್ಲಿ ಹಾಸಿದ್ದಾರೆ. ನಾನು ಬೀರುಗೆ ಬೀಗ ಹಾಕಿರಲಿಲ್ಲ, ನನ್ನದೇ ತಪ್ಪು.

ಕೇಳಿದ್ದಕ್ಕೆ ಆ ಯಪ್ಪ ನಗುತ್ತಾ "ಬೇರೆಯವರಲ್ಲ ಮೇಡಂ, ನಮ್ಮ ಅಕ್ಕ ಭಾವ, ಅವರಿಬ್ಬರು ಮಕ್ಕಳು, ಚಿಕ್ಕಪ್ಪ ಚಿಕ್ಕಮ್ಮ, ನಮ್ಮಜ್ಜಿ. ಜಂಬೂಸವಾರಿ ನೋಡ್ಕೊಂಡು ಹೊರಟುಬಿಡ್ತಾರೆ" ಅಂದರು. ಒಳಗಿಂದ ಅಜ್ಜಿ "ಕಾಫಿ ಕುಡ್ಕೊಂಡು ಹೋಗವ್ವ" ಅಂತ ಕರೆದರು. ನನ್ನ ಮನೆಗೆ ನಾನೇ ನೆಂಟಳು! ಬಾಯಿ ಬರಲಿಲ್ಲ, ಕಾಫಿ ಕುಡಿದು ಬಂದೆ.

ಇಷ್ಟು ಸಾಲದು ಅಂತ ಇವತ್ತು ಆಯುಧಪೂಜೆ. ಪಾರ್ಕಿಂಗ್‌ನಲ್ಲೇ ಗಾಡಿಗೆ ಪೂಜೆ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಲಿಫ್ಟ್ ಬಾಗಿಲಿನ ಎದುರಿಗೇ ಬೂದುಗುಂಬಳಕಾಯಿ ಒಡೆದಿದ್ದಾರೆ. ಅಸೋಸಿಯೇಷನ್ ಗ್ರೂಪಿಗೆ ಅದರ ಫೋಟೋ ಬಂದಿದೆ, ಕೆಳಗೆ ನನ್ನ ಫ್ಲಾಟ್ ನಂಬರ್ ಮಾತ್ರ, ಬೇರೆ ಒಂದಕ್ಷರ ಇಲ್ಲ.

ಇನ್ನೂ ಎರಡು ರಾತ್ರಿ ಇದೆ. ಖಾಲಿ ಮಾಡಿ ಅನ್ನಲಾ? ದಸರಾದಲ್ಲಿ ಈಗ ಅವರಿಗೆ ರೂಮ್ ಎಲ್ಲಿ ಸಿಗುತ್ತೆ, ಅಜ್ಜಿ ಬೇರೆ ಇದ್ದಾರೆ. ದುಡ್ಡು ಕೇಳಿದರೆ ಎಷ್ಟು ಕೇಳಬೇಕು? ರಿವ್ಯೂ ಕೆಡಿಸಿಬಿಟ್ಟರೆ?

ಗೋಕುಲಂ_ಹೋಸ್ಟ್

ಮೇಡಂ, ಕಾಫಿ ಕುಡಿದದ್ದು ತಪ್ಪಲ್ಲ, ಕುಡಿದು ಸುಮ್ಮನೆ ಬಂದದ್ದು ತಪ್ಪು. ಈಗಲೇ ಆ್ಯಪ್‌ನ ಚಾಟ್‌ನಲ್ಲಿ ಬರೆಯಿರಿ. ವಾಟ್ಸಾಪ್ ಬೇಡ, ಫೋನಂತೂ ಬೇಡವೇ ಬೇಡ. ಬೈಯುವುದೂ ಬೇಡ, ಎರಡೇ ಸಾಲು ಸಾಕು: ಬುಕಿಂಗ್ ನಾಲ್ಕು ಜನಕ್ಕಿದೆ, ಬೆಳಗ್ಗೆ ಹನ್ನೊಂದು ಜನರನ್ನು ನೋಡಿದೆ, ರಾತ್ರಿ ಮಲಗುವವರು ಎಷ್ಟು ಅಂತ ತಿಳಿಸಿ. ಅವರು ಹೌದು ಅಂತ ಬರೆದರೆ ಅರ್ಧ ಕೆಲಸ ಮುಗಿಯಿತು. ನಾಳೆ ಜಗಳವಾದರೆ ಕಂಪನಿಯವರು ಓದೋದು ಅದನ್ನೇ, ನಿಮ್ಮ ಚಪ್ಪಲಿ ಲೆಕ್ಕವನ್ನಲ್ಲ.

ಆಮೇಲೆ ಬುಕಿಂಗ್ ಬದಲಿಸುವ ರಿಕ್ವೆಸ್ಟ್ ಕಳಿಸಿ. ಜನರ ಸಂಖ್ಯೆ, ಬಾಡಿಗೆ ಎರಡನ್ನೂ ಅದರಲ್ಲೇ ತಿದ್ದಬಹುದು, ಅವರು ಒಪ್ಪಿದರೆ ದುಡ್ಡು ಅಲ್ಲಿಂದಲೇ ಬರುತ್ತೆ. ಕೈಗೆ ಕ್ಯಾಶ್ ತೆಗೆದುಕೊಳ್ಳಬೇಡಿ. ಎಕ್ಸ್‌ಟ್ರಾ ಜನಕ್ಕೆ ಇಷ್ಟು ಅಂತ ಲಿಸ್ಟಿಂಗ್‌ನಲ್ಲಿ (ಆ್ಯಪ್‌ನಲ್ಲಿ ನಿಮ್ಮ ಮನೆಯ ವಿವರ ಇರುವ ಪುಟ) ಮೊದಲೇ ಹಾಕಿದ್ದರೆ ಅಷ್ಟೇ ಕೇಳಿ. ಹಾಕಿಲ್ಲ ಅಂದರೆ ದಸರಾ ರೇಟು ಅಂತ ಬಾಯಿಗೆ ಬಂದದ್ದು ಹೇಳಬೇಡಿ. ನಾನು ತಲೆಗೆ ರಾತ್ರಿಗೆ 600 ಇಟ್ಟಿದ್ದೇನೆ, ಮಕ್ಕಳಿಗೆ ಇಲ್ಲ. ಏನಾದರೂ ಒಡೆದು ಹಾಳಾಗಿದ್ದರೆ ಅದು ಬೇರೆ ಲೆಕ್ಕ, ಅವರು ಹೋದ 14 ದಿನದೊಳಗೆ ಫೋಟೋ ಸಮೇತ ಕೇಳಬೇಕು.

ರಾತ್ರಿ ಉಳಿಯುವ ದೊಡ್ಡವರೆಲ್ಲರ ಐಡಿ ತೆಗೆದುಕೊಳ್ಳಿ. ಆಧಾರ್ ಆದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಸಾಕು. ನಿಮ್ಮದು ನಮ್ಮೂರ ಜನ, ಪರವಾಗಿಲ್ಲ. ನಮ್ಮ ಕಡೆ ಯೋಗ ಕಲಿಯಲು ಬರುವ ವಿದೇಶಿಯರೇ ಜಾಸ್ತಿ, ಅವರು ಬಂದ 24 ಗಂಟೆಯೊಳಗೆ ಒಬ್ಬೊಬ್ಬರಿಗೂ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ವಿವರ ಕೊಡುವ ಫಾರ್ಮ್ (ಮೊದಲು ಸಿ ಫಾರ್ಮ್ ಅಂತಿತ್ತು) ತುಂಬಬೇಕು. ಒಮ್ಮೆ ಒಬ್ಬಳು ಗೆಳತಿಯನ್ನು ರೂಮಿನಲ್ಲಿ ಇಟ್ಟುಕೊಂಡಿದ್ದಳು, ನನಗೆ ಗೊತ್ತಾಗಿದ್ದು ಕಸದ ಬುಟ್ಟಿಯಲ್ಲಿದ್ದ ಬೆಂಗಳೂರು ಬಸ್ ಟಿಕೆಟ್‌ನಿಂದ. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿ ಪಾಸ್‌ಪೋರ್ಟ್ ಕೇಳುವಾಗ ನನಗೇ ನಾಚಿಕೆ ಆಯ್ತು.

ಮೈಸೂರು_ಮಲ್ಲ

ಇಷ್ಟೆಲ್ಲ ಯಾಕೆ? ಕರೆಂಟ್ ಮೇನ್ ಆಫ್ ಮಾಡಿ, ಅವರೇ ಹೋಗ್ತಾರೆ. ಮುಂದಿನ ಸಲಕ್ಕೆ ಹಾಲ್‌ನಲ್ಲಿ ಒಂದು ಕ್ಯಾಮೆರಾ ಇಡಿ.

ಗೋಕುಲಂ_ಹೋಸ್ಟ್

ಮಲ್ಲಣ್ಣ, ಅಜ್ಜಿ ಕತ್ತಲಲ್ಲಿ ಬಚ್ಚಲಲ್ಲಿ ಜಾರಿಬಿದ್ದರೆ ಆಸ್ಪತ್ರೆಗೆ ನೀನು ಬರ್ತೀಯಾ? ಮತ್ತೆ ಮನೆಯೊಳಗೆ ಕ್ಯಾಮೆರಾ ಇಡುವ ಹಾಗೇ ಇಲ್ಲ. 2024ರ ಏಪ್ರಿಲ್ 30ರಿಂದ ಏರ್‌ಬಿಎನ್‌ಬಿ ಅದನ್ನು ಪೂರ್ತಿ ನಿಲ್ಲಿಸಿದೆ, ಹಾಲ್‌ನಲ್ಲೂ ಇಲ್ಲ. ಬಾಗಿಲ ಹೊರಗೆ ಇಡಬಹುದು, ಅದನ್ನೂ ಲಿಸ್ಟಿಂಗ್‌ನಲ್ಲಿ ಮೊದಲೇ ಹೇಳಿರಬೇಕು.

ಮೂರನೇ_ಮಹಡಿ

ನಾನು ಹೋಸ್ಟ್ ಅಲ್ಲ, ಹೋಸ್ಟ್ ಪಕ್ಕದ ಮನೆಯವನು. ನಿಮ್ಮ ದುಡ್ಡಿನ ಲೆಕ್ಕ ಇರಲಿ, ನಮ್ಮ ನೀರಿನ ಲೆಕ್ಕ ಕೇಳಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರದ ಲೆಕ್ಕ. ನಾಲ್ಕು ಜನಕ್ಕೆ 540. ಹನ್ನೊಂದು ಜನಕ್ಕೆ 1485. ಇದು ಅಳತೆಯಲ್ಲಿ ಸ್ನಾನ ಮಾಡುವವರ ಮಾತು, ಹಬ್ಬಕ್ಕೆ ಬಂದು ತಲೆಗೆ ನೀರು ಹಾಕಿಕೊಳ್ಳುವವರದ್ದಲ್ಲ. ಮೇಂಟೆನೆನ್ಸ್ ಮಾತ್ರ ಎಲ್ಲರಿಗೂ ಒಂದೇ. ನಿಮ್ಮ ಗೆಸ್ಟ್ ಬಾಡಿಗೆ ನಿಮ್ಮ ಜೇಬಿಗೆ, ಟ್ಯಾಂಕರ್ ಬಿಲ್ ನಮ್ಮೆಲ್ಲರ ತಲೆಗೆ, ಇದು ಯಾವ ನ್ಯಾಯ? ನಮ್ಮಲ್ಲಿ ಜಗಳ ಆಗಿ ಆಗಿ ಕೊನೆಗೆ ಒಂದು ಪದ್ಧತಿ ಮಾಡಿಕೊಂಡೆವು. ಗೆಸ್ಟ್ ಬರುವ ದಿನ ಎಷ್ಟು ಜನ, ಯಾವ ಗಾಡಿ ಅಂತ ಒಂದು ಚೀಟಿ ಗೇಟಿಗೆ ಬರಬೇಕು. ಚೀಟಿಗಿಂತ ಜಾಸ್ತಿ ಬಂದರೆ ವಾಚ್‌ಮನ್ ಓನರ್‌ಗೆ ಫೋನ್ ಮಾಡುತ್ತಾನೆ, ಓನರ್ ಬಿಡು ಅಂದರೆ ಆ ದಿನದ ನೀರಿನ ಜವಾಬ್ದಾರಿ ಓನರ್‌ದು. ಹಾಗೇ, ವಾಚ್‌ಮನ್‌ಗೆ ಬೈಯಬೇಡಿ. ಅವನು ಕೇಳಿದ, ಬಿಡು ಅಂದವರು ನೀವು.

ಕುಂಬಳಕಾಯಿ ಇವತ್ತೇ ಗುಡಿಸಿಸಿ. ಯಾರಾದರೂ ಜಾರುತ್ತಾರೆ.

ಮಂಡ್ಯ_ಹೈದ

ನಾನು ಟೆಂಪೋ ಟ್ರಾವೆಲರ್ ಪಾರ್ಟಿ. ಅಂದರೆ ಇದೇ ಗಾಡಿ ಅಲ್ಲ, ಹೋದ ವರ್ಷದ್ದು. ಮೈಸೂರಿನಲ್ಲಿ ನಮ್ಮ ಅತ್ತೆ ಮಗನ ಮದುವೆ ಇತ್ತು, ಆರು ಜನ ಅಂತ ಬುಕ್ ಮಾಡಿ ಒಂಬತ್ತು ಜನ ಮಲಗಿದ್ದೆವು. ಮೋಸ ಮಾಡಬೇಕು ಅಂತ ಖಂಡಿತ ಅಲ್ಲ. ಲಾಡ್ಜ್ ಆದರೆ ಕೌಂಟರ್ ಇರುತ್ತೆ, ಅಲ್ಲಿ ಯಾರೂ ಹೀಗೆ ಮಾಡಲ್ಲ. ಮನೆ ಅಂದ ಮೇಲೆ ನಮಗೆ ತಲೆ ಎಣಿಸೋ ಅಭ್ಯಾಸ ಎಲ್ಲಿದೆ ಹೇಳಿ, ಅಡುಗೆಮನೆ ಇದೆ, ಚಾಪೆ ಇದೆ, ಹಾಲ್ ಇದೆ, ಇನ್ನಿಬ್ಬರು ಬಂದರೆ ಪಕ್ಕಕ್ಕೆ ಸರಿದು ಮಲಗೋದು, ಅಷ್ಟೇ ಅಲ್ವಾ ಅನ್ಸುತ್ತೆ. ಆ ಓನರ್ ಮೂರು ದಿನ ಬಾಯಿ ಬಿಡಲಿಲ್ಲ, ದಿನಾ ನಮಸ್ಕಾರ ಹೇಳಿಕೊಂಡು ಓಡಾಡಿದರು. ಹೊರಡುವಾಗ ಲಗೇಜ್ ಇಳಿಸಿದ ಮೇಲೆ ಐದು ಸಾವಿರ ಕೊಡಿ ಅಂದರು. ಅಲ್ಲಿ ಹತ್ತಿಕೊಂಡಿತು ನೋಡಿ! ಮೊದಲ ರಾತ್ರಿಯೇ ಕೇಳಿದ್ದರೆ ಮರುಮಾತಿಲ್ಲದೆ ಕೊಡುತ್ತಿದ್ದೆವು.

ಇವತ್ತೇ ಕೇಳಿ ಮೇಡಂ. ಮುಂದೆ ಬುಕಿಂಗ್ ಬಂದಾಗ 'ಎಷ್ಟು ಜನ' ಅಂತ ಕೇಳಬೇಡಿ, 'ರಾತ್ರಿ ಎಷ್ಟು ಜನ ಮಲಗ್ತೀರಿ, ಅಜ್ಜಿ ಮಕ್ಕಳು ಎಲ್ಲಾ ಸೇರಿ' ಅಂತ ಕೇಳಿ. ಹಗಲು ಊಟಕ್ಕೆ ಬಂದು ಹೋಗುವ ನೆಂಟರಿಗೂ ದುಡ್ಡು ಕೇಳುವವರು ಇದ್ದಾರೆ, ಹಾಗಂತೂ ಮಾಡಬೇಡಿ.

ಕುವೆಂಪುನಗರ_ಫ್ಲಾಟ್ | ಅಕ್ಟೋಬರ್ 3, ಸಂಜೆ

ಎಲ್ಲರಿಗೂ ಥ್ಯಾಂಕ್ಸ್. ಏನಾಯ್ತು ಅಂತ ಹೇಳಿಬಿಡುತ್ತೇನೆ.

ಅವತ್ತೇ ಚಾಟ್‌ನಲ್ಲಿ ಎರಡು ಸಾಲು ಹಾಕಿದೆ. ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು: "ಸಾರಿ ಮೇಡಂ, ಹನ್ನೊಂದು ಜನ." ಎಂಟಕ್ಕಿಂತ ಜಾಸ್ತಿ ಆಗಲ್ಲ ಅಂದೆ. ಶ್ರೀರಾಂಪುರದಲ್ಲಿ ಅವರ ಸಂಬಂಧಿಕರೊಬ್ಬರು ಇದ್ದರಂತೆ (ಮೊದಲೇ ಅಲ್ಲಿಗೆ ಹೋಗಬಹುದಿತ್ತು ಅಂತ ಬಾಯಿಗೆ ಬಂತು, ನುಂಗಿಕೊಂಡೆ), ಚಿಕ್ಕಪ್ಪ, ಚಿಕ್ಕಮ್ಮ, ಅಕ್ಕನ ದೊಡ್ಡ ಮಗ ರಾತ್ರಿ ಮಲಗಲು ಅಲ್ಲಿಗೆ ಹೋದರು. ಪಾಪುವನ್ನು ಬಿಟ್ಟು ಉಳಿದ ಮೂವರಿಗೆ ತಲೆಗೆ 500ರಂತೆ ಎರಡು ರಾತ್ರಿಗೆ 3000 ಹಾಕಿ ರಿಕ್ವೆಸ್ಟ್ ಕಳಿಸಿದೆ, ಒಪ್ಪಿಕೊಂಡರು. ಮೊದಲ ರಾತ್ರಿಯದ್ದು ಬಿಟ್ಟೆ, ನಾನೇ ಬಿಡು ಅಂದಿದ್ದೆನಲ್ಲ. ಒಂದು ಟ್ಯಾಂಕರ್ ನಾನೇ ತರಿಸಿಕೊಟ್ಟೆ, ಸೆಕ್ರೆಟರಿ ಗ್ರೂಪಿನಲ್ಲಿ ಹೆಬ್ಬೆರಳು ತೋರಿಸಿದ್ದಾರೆ. ಕುಂಬಳಕಾಯಿ ಕುಂಕುಮ ಮಾತ್ರ ನೆಲಕ್ಕೆ ಇಳಿದುಬಿಟ್ಟಿದೆ, ಎರಡು ಸಲ ಉಜ್ಜಿಸಿದರೂ ಹೋಗಿಲ್ಲ.

ನಿನ್ನೆ ಪಂಜಿನ ಕವಾಯತು ಮುಗಿಸಿ ಬನ್ನಿಮಂಟಪದಿಂದ ಬಂದವರು ಸದ್ದಿಲ್ಲದೆ ಮಲಗಿದರಂತೆ, ವಾಚ್‌ಮನ್ ಹೇಳಿದ. ಬೀರುಗೆ ಬೀಗ ತಂದಿದ್ದೇನೆ. ರಿವ್ಯೂ ಇನ್ನೂ ಬಂದಿಲ್ಲ.

ಇನ್ನೊಂದು ಸಮಸ್ಯೆ. ಬಿಳಿ ಬೆಡ್‌ಶೀಟ್ ಮೇಲೆ ಅಂಗೈಯಗಲ ಅರಿಶಿನದ ಕಲೆ. ಸೋಪು ಹಾಕಿ ತಿಕ್ಕಿದೆ, ಇನ್ನೂ ಕೆಂಪಾಗಿ ಕೂತಿದೆ!

ಗೋಕುಲಂ_ಹೋಸ್ಟ್

ಗಾಬರಿ ಬೇಡ, ಸೋಪು ತಾಗಿದರೆ ಅರಿಶಿನ ಕೆಂಪಾಗುತ್ತೆ. ಚೆನ್ನಾಗಿ ಜಾಲಿಸಿ, ಹಳದಿಗೆ ತಿರುಗುತ್ತೆ. ಆಮೇಲೆ ಎರಡು ದಿನ ನೇರ ಬಿಸಿಲಿಗೆ ಹಾಕಿ, ಅರಿಶಿನ ಬಿಸಿಲಿಗೆ ಮಾಸುತ್ತೆ. ಕುಂಕುಮವೂ ಆಗಿದ್ದರೆ ಆ ಬೆಡ್‌ಶೀಟ್ ನಿಮ್ಮ ಮನೆಗೇ ಇಟ್ಟುಕೊಂಡುಬಿಡಿ.