62 ಕಂಪ್ಯೂಟರ್‌ಗಳಲ್ಲಿ ಸರ್ಟಿಫಿಕೇಟ್ ಎಚ್ಚರಿಕೆ: ಒಮ್ಮೆಗೇ ನಿಲ್ಲಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಸಗಟು ವ್ಯಾಪಾರ ಸಂಸ್ಥೆಯೊಂದರಲ್ಲಿ 62 ವಿಂಡೋಸ್ ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದು. ಎಲ್ಲವೂ ಒಂದೇ ಡೊಮೇನ್‌ಗೆ, ಅಂದರೆ ಒಂದೇ ಕಡೆಯಿಂದ ನಿಯಂತ್ರಿಸುವ ಗುಂಪಿಗೆ, ಸೇರಿವೆ. ನಮ್ಮದೇ ಸರ್ವರ್‌ನಲ್ಲಿರುವ ದಾಸ್ತಾನು ತಂತ್ರಾಂಶವನ್ನು ಸಿಬ್ಬಂದಿ ಐಪಿ ವಿಳಾಸ ಟೈಪ್ ಮಾಡಿ ಬ್ರೌಸರ್‌ನಲ್ಲಿ ತೆರೆಯುತ್ತಾರೆ. ಪ್ರತಿ ಸಲವೂ ಸಂಪರ್ಕ ಖಾಸಗಿಯಾಗಿಲ್ಲ ಎಂಬ ಕೆಂಪು ಎಚ್ಚರಿಕೆ ಬರುತ್ತದೆ. ಅವರು ಓದದೆಯೇ ‘ಅಡ್ವಾನ್ಸ್ಡ್’ ಒತ್ತಿ ಮುಂದೆ ಹೋಗುತ್ತಾರೆ. ಸರ್ವರ್‌ನಲ್ಲಿರುವುದು ಹಿಂದಿನವರು ತಾವೇ ಸಹಿ ಮಾಡಿ ತಯಾರಿಸಿದ, 10 ವರ್ಷ ಅವಧಿಯ ಸರ್ಟಿಫಿಕೇಟ್ (ಸರ್ವರ್‌ನ ಗುರುತನ್ನು ಬ್ರೌಸರ್‌ಗೆ ತೋರಿಸುವ ಡಿಜಿಟಲ್ ಪತ್ರ). ಅದನ್ನು ಒಂದು ಕಂಪ್ಯೂಟರ್‌ನ ವಿಶ್ವಾಸಾರ್ಹ ರೂಟ್‌ಗಳ (ಕಂಪ್ಯೂಟರ್ ನಂಬುವ ಮೂಲ ಸರ್ಟಿಫಿಕೇಟ್‌ಗಳ) ಪಟ್ಟಿಗೆ ಸೇರಿಸಿ ನೋಡಿದೆ. ಎಚ್ಚರಿಕೆ ಹೋಗಲಿಲ್ಲ, ಅದರ ಕೋಡ್ ಮಾತ್ರ ‘ಅಥಾರಿಟಿ ಇನ್‌ವ್ಯಾಲಿಡ್’ ಎಂದಿದ್ದದ್ದು ‘ಕಾಮನ್ ನೇಮ್ ಇನ್‌ವ್ಯಾಲಿಡ್’ ಎಂದಾಯಿತು. ಕೊನೆಗೆ ಹತ್ತು ಕಂಪ್ಯೂಟರ್‌ಗಳಲ್ಲಿ ಕ್ರೋಮ್ ಶಾರ್ಟ್‌ಕಟ್‌ಗೆ ‘ಇಗ್ನೋರ್ ಸರ್ಟಿಫಿಕೇಟ್ ಎರರ್ಸ್’ ಸೂಚನೆ ಸೇರಿಸಿದ್ದೇನೆ. ಇದನ್ನೇ ಗ್ರೂಪ್ ಪಾಲಿಸಿಯ (ಡೊಮೇನ್‌ನ ಎಲ್ಲ ಕಂಪ್ಯೂಟರ್‌ಗಳಿಗೆ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವ ವ್ಯವಸ್ಥೆ) ಮೂಲಕ ಎಲ್ಲ ಕಡೆ ಹಾಕಬಹುದೇ?

ಉತ್ತರ

ದಯವಿಟ್ಟು ಹಾಕಬೇಡಿ, ಹಾಕಿರುವ ಹತ್ತನ್ನೂ ಇಂದೇ ತೆಗೆಯಿರಿ. ಆ ಸೂಚನೆ ನಿಮ್ಮ ದಾಸ್ತಾನು ಪುಟಕ್ಕಷ್ಟೇ ಸೀಮಿತವಲ್ಲ. ಆ ಶಾರ್ಟ್‌ಕಟ್‌ನಿಂದ ತೆರೆದ ಕ್ರೋಮ್‌ನಲ್ಲಿ ಬ್ಯಾಂಕಿನ ಪುಟ, ಜಿಎಸ್‌ಟಿ ಪುಟ, ಇಮೇಲ್ ಯಾವುದಕ್ಕೂ ಸರ್ಟಿಫಿಕೇಟ್ ಪರಿಶೀಲನೆಯೇ ಉಳಿಯುವುದಿಲ್ಲ. ಭದ್ರತೆಗೆ ಧಕ್ಕೆಯಾಗುತ್ತದೆಂದು ಹೇಳುವ ಅಡ್ಡಪಟ್ಟಿಯೊಂದು ಪುಟದ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುವುದು ಅದಕ್ಕಾಗಿಯೇ. ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಮಾತ್ರ ‘ಓದದೆಯೇ’ ಎಂಬ ನಿಮ್ಮ ಮಾತು. ದಿನಕ್ಕೆ ಹತ್ತು ಸಲ ಕೆಂಪು ಪುಟ ದಾಟಿ ಅಭ್ಯಾಸವಾದ ಕೈ, ನಾಳೆ ನಕಲಿ ಬ್ಯಾಂಕ್ ಪುಟದ ಮುಂದೆಯೂ ಅದನ್ನೇ ಮಾಡುತ್ತದೆ. ಆದ್ದರಿಂದ ಎಚ್ಚರಿಕೆ ಬರಲು ಇರುವ ಕಾರಣವನ್ನು ಮೊದಲು ಸರಿಪಡಿಸಿ, ಆಮೇಲೆ ದಾಟಿಹೋಗುವ ದಾರಿಯನ್ನೇ ಮುಚ್ಚಬೇಕು.

ಕೋಡ್ ಬದಲಾದದ್ದು ಒಳ್ಳೆಯ ಸುಳಿವು. ರೂಟ್ ಪಟ್ಟಿಗೆ ಸೇರಿಸಿದ ಕೂಡಲೇ ‘ಯಾರು ಕೊಟ್ಟದ್ದು’ ಎಂಬ ತಕರಾರು ಬಗೆಹರಿಯಿತು. ‘ಯಾರ ಹೆಸರಿಗೆ ಕೊಟ್ಟದ್ದು’ ಎಂಬುದು ಉಳಿಯಿತು. 2017ರಲ್ಲಿ ಬಂದ ಕ್ರೋಮ್ 58ರಿಂದೀಚೆಗೆ ಬ್ರೌಸರ್, ಸರ್ಟಿಫಿಕೇಟ್‌ನಲ್ಲಿ ಹೆಸರು ಬರೆಯುವ ಹಳೆಯ ಜಾಗವಾದ ಕಾಮನ್ ನೇಮ್ ಅನ್ನು ನೋಡುವುದೇ ಇಲ್ಲ. ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ ಎಂಬ ಭಾಗದಲ್ಲಿ ಹೆಸರಿದ್ದರೆ ಮಾತ್ರ ಒಪ್ಪುತ್ತದೆ. ಐಪಿ ವಿಳಾಸದಿಂದಲೇ ತೆರೆಯುವುದಾದರೆ ಅದು ಆ ಭಾಗದಲ್ಲಿ ಐಪಿ ಎಂಬ ಬಗೆಯಲ್ಲಿಯೇ ನಮೂದಾಗಿರಬೇಕು. ಅದಕ್ಕಿಂತ, ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ನಿಮ್ಮ ಡಿಎನ್‌ಎಸ್‌ನಲ್ಲಿ ಸರ್ವರ್‌ಗೆ ಒಂದು ಹೆಸರು ಕೊಟ್ಟು, ಆ ಹೆಸರಿಗೆ ಸರ್ಟಿಫಿಕೇಟ್ ಮಾಡಿಸುವುದು ಮೇಲು. ಮುಂದೆ ಐಪಿ ಬದಲಾದರೂ ತೊಂದರೆಯಾಗದು.

ಸಂಸ್ಥೆಗೊಂದು ಒಳಗಿನ ರೂಟ್ ತಯಾರಿಸಿ, ಅದರಿಂದ ಸರ್ವರ್‌ಗೆ ಹೊಸ ಸರ್ಟಿಫಿಕೇಟ್ ಕೊಡಿ. ಅವಧಿ 825 ದಿನಗಳನ್ನು ಮೀರದಿರಲಿ: 2019ರ ಜುಲೈ 1ರ ನಂತರ ಕೊಟ್ಟ ಸರ್ಟಿಫಿಕೇಟ್ ಅದಕ್ಕಿಂತ ದೀರ್ಘವಾಗಿದ್ದರೆ, ಒಳಗಿನ ರೂಟ್‌ನದಾದರೂ, ಯಾರಾದರೂ ಐಫೋನ್‌ನಲ್ಲಿ ಪುಟ ತೆರೆದರೆ ಅದು ಒಪ್ಪುವುದಿಲ್ಲ. ರೂಟ್‌ನ ಖಾಸಗಿ ಕೀಲಿಯನ್ನು (ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಗುಪ್ತ ಕಡತ) ಆ ಸರ್ವರ್‌ನಲ್ಲೇ ಇಡಬೇಡಿ. 62 ಕಂಪ್ಯೂಟರ್‌ಗಳು ನಂಬುವ ಕೀಲಿ ಕಳ್ಳನ ಕೈಗೆ ಸಿಕ್ಕರೆ, ಆತ ಯಾವ ಬ್ಯಾಂಕಿನ ಹೆಸರಿನಲ್ಲಿ ಬೇಕಾದರೂ ಸರ್ಟಿಫಿಕೇಟ್ ಸೃಷ್ಟಿಸಬಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ನೆಟ್‌ವರ್ಕಿಗೆ ಸೇರದ ಪೆನ್‌ಡ್ರೈವ್‌ನಲ್ಲಿ ಗುಪ್ತಪದದೊಂದಿಗೆ ಹಾಕಿ, ಬೀರುವಿನಲ್ಲಿಡಿ.

ಗ್ರೂಪ್ ಪಾಲಿಸಿಯ ‘ಪಬ್ಲಿಕ್ ಕೀ ಪಾಲಿಸೀಸ್’ ಅಡಿಯಲ್ಲಿ ರೂಟ್ ಸೇರಿಸಿದರೆ ಕ್ರೋಮ್, ಎಡ್ಜ್ ಎರಡಕ್ಕೂ ಸಾಕು. ಫೈರ್‌ಫಾಕ್ಸ್ ತನ್ನದೇ ಪಟ್ಟಿ ಇಟ್ಟುಕೊಳ್ಳುವುದರಿಂದ ಅದರ ಪಾಲಿಸಿಯಲ್ಲಿ ‘ಇಂಪೋರ್ಟ್ ಎಂಟರ್‌ಪ್ರೈಸ್ ರೂಟ್ಸ್’ ಆನ್ ಮಾಡಿ. ಎಲ್ಲ ಕಡೆ ಪುಟ ಸರಿಯಾಗಿ ತೆರೆಯುವುದನ್ನು ಕಂಡ ಮೇಲೆ, ಕ್ರೋಮ್ ಮತ್ತು ಎಡ್ಜ್ ಎರಡರಲ್ಲೂ ‘ಎಸ್‌ಎಸ್‌ಎಲ್ ಎರರ್ ಓವರ್‌ರೈಡ್ ಅಲೌಡ್’ ಪಾಲಿಸಿಯನ್ನು ಡಿಸೇಬಲ್ ಮಾಡಿ. ಎಚ್ಚರಿಕೆಯ ಪುಟದಿಂದ ಮುಂದೆ ಹೋಗುವ ಕೊಂಡಿ ಮಾಯವಾಗುತ್ತದೆ. ಹಳೆಯ ಪ್ರಿಂಟರ್‌ನ ಪುಟದಂಥದ್ದು ಇದ್ದರೆ, ಆ ಒಂದೇ ವಿಳಾಸಕ್ಕೆ ವಿನಾಯಿತಿ ಕೊಡುವ ಪಾಲಿಸಿ ಬೇರೆಯಾಗಿದೆ.

ಪ್ರಶ್ನೆ ಕೇಳಿದವರು

ಸರ್, ನೀವು ಹೇಳಿದಂತೆಯೇ ಮಾಡಿದೆ. 59ರಲ್ಲಿ ಸಮಸ್ಯೆ ಪೂರ್ಣ ಬಗೆಹರಿದಿದೆ. ಒಂದು ಕಂಪ್ಯೂಟರ್‌ನಲ್ಲಿ ಕ್ರೋಮ್‌ನ ಪಾಲಿಸಿ ಪುಟದಲ್ಲಿ ಏನೂ ಕಾಣುತ್ತಿಲ್ಲ. ಗೋದಾಮಿನ ಎರಡರಲ್ಲಿ ಬೆಳಿಗ್ಗೆ ಆನ್ ಮಾಡಿದ ಕೂಡಲೇ, ಎಲ್ಲ ವೆಬ್‌ಸೈಟ್‌ಗಳಲ್ಲೂ ‘ಡೇಟ್ ಇನ್‌ವ್ಯಾಲಿಡ್’ ಬಂದು, ಸ್ವಲ್ಪ ಹೊತ್ತಿನ ನಂತರ ತಾನಾಗಿಯೇ ಹೋಗುತ್ತದೆ.

ಉತ್ತರ

ಮೊದಲನೆಯದರಲ್ಲಿ ‘ಜಿಪಿಅಪ್‌ಡೇಟ್ ಫೋರ್ಸ್’ ಆದೇಶ ಕೊಟ್ಟು ನೋಡಿ. ಪಾಲಿಸಿ ತಾನಾಗಿ ಹೊಸದಾಗಲು ಸಾಮಾನ್ಯವಾಗಿ 90 ನಿಮಿಷ, ಅದರ ಮೇಲೆ ಅರ್ಧ ಗಂಟೆಯವರೆಗೂ ಬೇಕಾಗುತ್ತದೆ. ಗೋದಾಮಿನವುಗಳಲ್ಲಿ ರಾತ್ರಿ ಮೇನ್ ಸ್ವಿಚ್ ಆರಿಸುತ್ತಿರಬಹುದು. ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಮುಗಿದಿದ್ದರೆ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿ, ಸರ್ಟಿಫಿಕೇಟ್‌ಗಳ ಅವಧಿ ಇನ್ನೂ ಶುರುವಾಗಿಲ್ಲವೆಂದು ಬ್ರೌಸರ್ ಭಾವಿಸುತ್ತದೆ; ಡೊಮೇನ್ ಸರ್ವರ್‌ನಿಂದ ಸಮಯ ಸಿಕ್ಕ ಮೇಲೆ ಸರಿಯಾಗುತ್ತದೆ. ಬ್ಯಾಟರಿ ಬದಲಿಸಿ; ಅದರ ಮಾದರಿ ಸಾಮಾನ್ಯವಾಗಿ ಸಿಆರ್ 2032.

ಪ್ರಶ್ನೆ ಕೇಳಿದವರು

ನೀವು ಹೇಳಿದ್ದೇ ಸರಿ. ಗೋದಾಮಿನ ಕಂಪ್ಯೂಟರ್ ಆನ್ ಆದಾಗ ಮೂಲೆಯಲ್ಲಿ 2012ರ ಜನವರಿ 1 ಎಂದಿತ್ತು. ಎರಡಕ್ಕೂ ಬ್ಯಾಟರಿ ಹಾಕಿಸಿದೆ; ಇಂದು ಬೆಳಿಗ್ಗೆ ಎಚ್ಚರಿಕೆ ಬರಲಿಲ್ಲ. ಪಾಲಿಸಿ ಕಾಣದಿದ್ದ ಕಂಪ್ಯೂಟರ್ ಡೊಮೇನ್‌ನಿಂದ ಹೊರಬಿದ್ದಿತ್ತು, ಮತ್ತೆ ಸೇರಿಸಿದೆ. ಹತ್ತು ಶಾರ್ಟ್‌ಕಟ್‌ಗಳನ್ನೂ ಅಳಿಸಿದ್ದೇನೆ. ತುಂಬಾ ಧನ್ಯವಾದಗಳು, ಸರ್.