ಚಿಕ್ಕಮ್ಮಾ, ಆ ಹುಡುಗ ಸೋಮಾರಿ ಅಲ್ಲ

ಚಿಕ್ಕಮ್ಮಾ, ನಿಮ್ಮ ಮೆಸೇಜ್ ಈಗಷ್ಟೇ ನೋಡಿದೆ. ಸೋರುವ ನಲ್ಲಿಗೆ ಒಂದು ವಾಷರ್ ತರಲು ಆ ದೊಡ್ಡ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಮುಕ್ಕಾಲು ಗಂಟೆ ಸುತ್ತಿದಿರಿ. ಕೇಳಲು ಒಬ್ಬರೂ ಇರಲಿಲ್ಲ. ಕೊನೆಗೆ ಸಿಕ್ಕ ಹುಡುಗ "ಇದು ನನ್ನ ವಿಭಾಗ ಅಲ್ಲ" ಅಂತ ಹೇಳಿ ಹೋಗಿಬಿಟ್ಟ. ಅದರ ಕೆಳಗೆ ಭಾವ "ಈಗಿನ ಹುಡುಗರೆಲ್ಲ ಸೋಮಾರಿಗಳು" ಎಂದು ಹಾಕಿದ್ದಾರೆ. ಭಾವ, ಬೇಜಾರು ಮಾಡಿಕೊಳ್ಳಬೇಡಿ, ಈ ಮಾತು ನನಗೆ ಒಪ್ಪಿಗೆ ಇಲ್ಲ. ಸ್ವಲ್ಪ ಉದ್ದ ಆಗುತ್ತದೆ, ಕೈಕೆಲಸ ಮಾಡುತ್ತಾ ಕೇಳಿ.

ನಾನು ಅಂಥದ್ದೇ ಒಂದು ಅಂಗಡಿಯಲ್ಲಿ ಆರು ವರ್ಷ ಇದ್ದೆ, ಪ್ಲಂಬಿಂಗ್ ವಿಭಾಗದಲ್ಲಿ. ನಿಮಗೆಲ್ಲ ಗೊತ್ತು. ಆದರೆ ಒಳಗೆ ದಿನ ಹೇಗೆ ಕಳೆಯುತ್ತದೆ ಅಂತ ಯಾವತ್ತೂ ಹೇಳಿರಲಿಲ್ಲ.

ಆ ಅಂಗಡಿಗಳು ಎಷ್ಟು ದೊಡ್ಡವು ಅಂದರೆ, ಅಮೆರಿಕದ ಹೋಮ್ ಡಿಪೋದಂಥ ಹಾರ್ಡ್‌ವೇರ್ ಕಂಪನಿಯ ಒಂದು ಮಳಿಗೆ ಸುಮಾರು 1 ಲಕ್ಷ ಚದರ ಅಡಿ ಇರುತ್ತದೆ. ಒಳಗೆ 30 ಸಾವಿರಕ್ಕೂ ಜಾಸ್ತಿ ಬಗೆಯ ಸಾಮಾನು. ಅಷ್ಟು ಜಾಗಕ್ಕೆ ಯಾವ ದಿನ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕುವುದು ಕಂಪ್ಯೂಟರ್. ಕಳೆದ ವರ್ಷ ಈ ವಾರ ಎಷ್ಟು ವ್ಯಾಪಾರ ಆಗಿತ್ತು, ಈ ವಾರ ಎಷ್ಟು ಆಗಬಹುದು ಎಂದು ನೋಡಿ ಒಂದೊಂದು ವಿಭಾಗಕ್ಕೆ ಇಷ್ಟು ಗಂಟೆ ಕೆಲಸ ಅಂತ ಕೊಡುತ್ತದೆ. ವ್ಯಾಪಾರ ಸ್ವಲ್ಪ ಕಡಿಮೆಯಾದರೆ ಮೊದಲು ಕತ್ತರಿ ಬೀಳುವುದು ಈ ಗಂಟೆಗಳಿಗೆ. ನಾನು ಸೇರಿದಾಗ ನಮ್ಮ ವಿಭಾಗದಲ್ಲಿ ಒಂದು ಪಾಳಿಗೆ ಮೂರು ಜನ ಇದ್ದೆವು. ಬಿಡುವಾಗ ಪ್ಲಂಬಿಂಗ್ ಮತ್ತು ಎಲೆಕ್ಟ್ರಿಕಲ್ ಎರಡಕ್ಕೂ ಸೇರಿ ನಾನೊಬ್ಬನೇ.

ಆ ಒಬ್ಬನೂ ಸುಮ್ನೆ ನಿಂತಿರುವುದಿಲ್ಲ. ಮೇಲಿನ ರ‍್ಯಾಕ್‌ನಿಂದ ಒಂದು ಪ್ಯಾಲೆಟ್, ಅಂದರೆ ಸಾಮಾನು ಪೇರಿಸಿದ ಹಲಗೆ, ಇಳಿಸಬೇಕು ಅಂದುಕೊಳ್ಳಿ. ಫೋರ್ಕ್‌ಲಿಫ್ಟ್ ನಡೆಸಲು ತರಬೇತಿ ಪಡೆದವನು ಒಬ್ಬ ಬೇಕು. ಕೆಳಗೆ ಯಾರೂ ಬರದಂತೆ ಕಾಯಲು ಇನ್ನೊಬ್ಬ ಬೇಕು. ಆ ಸಾಲನ್ನೂ ಅದರ ಹಿಂದಿನ ಸಾಲನ್ನೂ ಮುಚ್ಚಬೇಕು, ಯಾಕೆಂದರೆ ಸಾಮಾನು ಹಿಂದಕ್ಕೂ ಬೀಳಬಹುದು. ಅಲ್ಲಿಗೆ ಇಬ್ಬರು ಹೋದರು. ಆನ್‌ಲೈನ್ ಆರ್ಡರ್ ಬಂದರೆ ಅದನ್ನು ಆರಿಸಿ ಇಡುವುದೂ ಎಷ್ಟೋ ಕಡೆ ಇದೇ ಜನ. ಮಧ್ಯದಲ್ಲಿ ಬಿಲ್ಲಿಂಗ್‌ನಿಂದ ಕರೆ ಬರುತ್ತದೆ. ನೀವು ನೋಡಿದ ಹುಡುಗ ಬಹುಶಃ ಪೇಂಟ್‌ನವನೋ ತೋಟದ ಸಾಮಾನಿನವನೋ ಇರಬೇಕು. ವಾಷರ್ ಬಗ್ಗೆ ಅವನಿಗೆ ಯಾರೂ ಕಲಿಸಿರುವುದಿಲ್ಲ. ಆದರೂ "ಬನ್ನಿ, ಗೊತ್ತಿರುವವರನ್ನು ಕರೆಯುತ್ತೇನೆ" ಅನ್ನಬಹುದಿತ್ತು. ಅದು ತಪ್ಪೇ, ನಾನು ಅವನ ಪರ ವಾದ ಮಾಡುತ್ತಿಲ್ಲ. ಆದರೆ ಕರೆದರೆ ಬರಲು ಅಲ್ಲಿ ಯಾರಾದರೂ ಇದ್ದರಾ ಅನ್ನುವುದೇ ನನ್ನ ಪ್ರಶ್ನೆ.

ನನಗೆ ಕೆಲಸ ಕಲಿಸಿದವರು ಒಬ್ಬ ನಿವೃತ್ತ ಪ್ಲಂಬರ್. ಗಿರಾಕಿ ಬಂದು "ಹೊಸ ನಲ್ಲಿ ಎಲ್ಲಿದೆ" ಅಂತ ಕೇಳಿದರೆ ಅವರು ತಕ್ಷಣ ತೋರಿಸುತ್ತಿರಲಿಲ್ಲ. "ನೀರು ಎಲ್ಲಿಂದ ಸೋರುತ್ತದೆ? ಒಂದೇ ಹಿಡಿಯೋ, ಎರಡೋ?" ಅಂತ ಮೊದಲು ಕೇಳುತ್ತಿದ್ದರು. ಹತ್ತರಲ್ಲಿ ಏಳು ಜನ ಒಂದು ಚಿಕ್ಕ ರಬ್ಬರ್ ತುಂಡು ತೆಗೆದುಕೊಂಡು ನಗುತ್ತಾ ಹೋಗುತ್ತಿದ್ದರು. ಅವರೇ ಮುಂದೆ ಬಚ್ಚಲು ಪೂರ್ತಿ ಮಾಡಿಸುವಾಗ ನಮ್ಮ ಅಂಗಡಿಗೇ ಬರುತ್ತಿದ್ದರು. ಗಂಟೆಗಳನ್ನು ಕಡಿತ ಮಾಡಿದಾಗ ನನ್ನ ಈ ಗುರುಗಳಿಗೆ ವಾರಕ್ಕೆ ಎರಡೇ ದಿನ ಕೆಲಸ ಸಿಕ್ಕಿತು. ಒಂದು ತಿಂಗಳು ನೋಡಿ ಬಿಟ್ಟುಬಿಟ್ಟರು. ಅವರು ಹೋದ ದಿನ ಅಂಗಡಿಯಿಂದ ಏನು ಹೋಯಿತು ಅಂತ ಯಾವ ಲೆಕ್ಕದಲ್ಲೂ ಬರಲಿಲ್ಲ. ಇವತ್ತಿಗೂ ನನಗೆ ಅದೇ ಸಂಕಟ.

ಇದು ನನ್ನೊಬ್ಬನ ಕಥೆ ಅಲ್ಲ. ಹೋಮ್ ಡಿಪೋ 1979ರಲ್ಲಿ ಅಟ್ಲಾಂಟಾದಲ್ಲಿ ಮೊದಲ ಮಳಿಗೆಗಳನ್ನು ತೆರೆದಾಗ ಅದಕ್ಕೆ ಹೆಸರು ಬಂದಿದ್ದೇ ಕೆಲಸ ಗೊತ್ತಿರುವ ಸಿಬ್ಬಂದಿಯಿಂದ. 2000ದ ಕೊನೆಯಲ್ಲಿ ರಾಬರ್ಟ್ ನಾರ್ಡೆಲ್ಲಿ ಮುಖ್ಯಸ್ಥರಾಗಿ ಬಂದರು. ಖರ್ಚು ಇಳಿಸಲು ಪೂರ್ಣಾವಧಿ ಜನರ ಬದಲು ಅರೆಕಾಲಿಕರು ಹೆಚ್ಚಿದರು. ಲಾಭವೇನೋ ಏರಿತು. ಆದರೆ 2005ರ ಗ್ರಾಹಕ ತೃಪ್ತಿ ಸಮೀಕ್ಷೆಯಲ್ಲಿ ಅದಕ್ಕೆ ಸಿಕ್ಕಿದ್ದು ನೂರಕ್ಕೆ 67 ಅಂಕ, ಪ್ರತಿಸ್ಪರ್ಧಿ ಲೋವ್ಸ್‌ಗಿಂತ 11 ಕಡಿಮೆ. 2007ರ ಜನವರಿಯಲ್ಲಿ ಅವರು ಹೊರಟರು. ಅದೇ ಕಂಪನಿ 2023ರಲ್ಲಿ ಗಂಟೆ ಲೆಕ್ಕದ ಕೆಲಸಗಾರರ ಸಂಬಳಕ್ಕೆ ವರ್ಷಕ್ಕೆ 100 ಕೋಟಿ ಡಾಲರ್ ಹೆಚ್ಚಿಗೆ ಹಾಕುತ್ತೇವೆ ಅಂತ ಘೋಷಿಸಿತು.

ದೊಡ್ಡಪ್ಪ, ಇದು ನಿಮಗೆ ಇಷ್ಟ ಆಗುತ್ತದೆ. ಬ್ರಿಟನ್ನಿನ ಬಿ ಆಂಡ್ ಕ್ಯೂ ಎನ್ನುವ ಇಂಥದ್ದೇ ಹಾರ್ಡ್‌ವೇರ್ ಕಂಪನಿ 1989ರಲ್ಲಿ ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಬರೀ 50 ದಾಟಿದವರನ್ನೇ ಇಟ್ಟುಕೊಂಡು ಒಂದು ಮಳಿಗೆ ನಡೆಸಿತು. ಅದೇ ಕಂಪನಿಯ ಬೇರೆ ಮಳಿಗೆಗಳ ಜೊತೆ ಹೋಲಿಸಿ ನೋಡಿದರೆ ಲಾಭ ಶೇ. 18 ಜಾಸ್ತಿ. ಕೆಲಸ ಬಿಟ್ಟು ಹೋಗುವವರ ಸಂಖ್ಯೆ ಸುಮಾರು ಆರನೇ ಒಂದು ಭಾಗಕ್ಕೆ ಇಳಿದಿತ್ತು. ನನ್ನ ಗುರುಗಳಂಥವರೇ ಅಲ್ಲಿ ತುಂಬಿದ್ದರು, ಅಲ್ವಾ?

ಹಾಗಾಗಿ ಚಿಕ್ಕಮ್ಮಾ, ದೂರು ಕೊಡಲೇಬೇಡಿ ಅಂತ ನಾನು ಹೇಳುವುದಿಲ್ಲ. ಖಂಡಿತ ಕೊಡಿ. ಬಿಲ್ ಮೇಲೆ ಅಭಿಪ್ರಾಯ ಕೇಳುವ ಲಿಂಕ್ ಇರುತ್ತದೆ. ಅಲ್ಲಿ ಆ ಹುಡುಗನ ಹೆಸರು ಹಾಕಬೇಡಿ. "ಶನಿವಾರ ಸಂಜೆ ಐದಕ್ಕೆ ಪ್ಲಂಬಿಂಗ್ ವಿಭಾಗದಲ್ಲಿ ಒಬ್ಬರೂ ಇರಲಿಲ್ಲ" ಎಂದು ದಿನ, ಹೊತ್ತು ಸಮೇತ ಬರೆಯಿರಿ. ಹುಡುಗನ ಹೆಸರು ಹಾಕಿದರೆ ಬೈಗುಳ ಅವನಿಗೆ ಬೀಳುತ್ತದೆ, ಗಂಟೆಗಳು ಅಷ್ಟೇ ಉಳಿಯುತ್ತವೆ. ಮುಂದಿನ ಸಲ ವಾರದ ದಿನ ಬೆಳಿಗ್ಗೆ ಹೋಗಿ. ಅನುಭವ ಇರುವವರು ಹೆಚ್ಚಾಗಿ ಆ ಪಾಳಿಯಲ್ಲೇ ಇರುತ್ತಾರೆ. ಹಳೆಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಈಗ ನಿಮ್ಮ ನಲ್ಲಿಯ ವಿಷಯ. ಸಿಂಕ್ ಕೆಳಗಿನ ವಾಲ್ವ್ ಮುಚ್ಚಿ, ನಲ್ಲಿಯ ಫೋಟೋ ಎರಡು ಕಡೆಯಿಂದ ತೆಗೆದು ಇಲ್ಲೇ ಹಾಕಿ. ನೀರು ಬಾಯಿಂದ ತೊಟ್ಟಿಕ್ಕುತ್ತದೋ, ಹಿಡಿಯ ಬುಡದಿಂದ ಬರುತ್ತದೋ ಅದನ್ನೂ ಹೇಳಿ. ಹಿಡಿ ಒಂದೇ ಇದ್ದರೆ ನಿಮಗೆ ಬೇಕಾದದ್ದು ವಾಷರ್ ಆಗಿರಲಿಕ್ಕಿಲ್ಲ, ನೀರು ಬಿಡುವ, ನಿಲ್ಲಿಸುವ ಒಳಗಿನ ಭಾಗ, ಅಂದರೆ ಕಾರ್ಟ್ರಿಡ್ಜ್ ಇರಬೇಕು. ಫೋಟೋ ನೋಡಿ ರಾತ್ರಿ ಫೋನ್ ಮಾಡುತ್ತೇನೆ.